ಹೊರಗಿನಿಂದ ಬಂದ ಪ್ರಾಣಿಯನ್ನು ಪೂರ್ತಿ ತೆಗೆಯುವುದು: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಗೋಣಿಕೊಪ್ಪದ ಸಂತೆ ಇರಲಿ, ಮದುವೆ ಮನೆ ಇರಲಿ, ಕಾಡುಪ್ರಾಣಿಗಳ ಮಾತು ಬಂದರೆ ಸಾಕು, ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಹೊರದೇಶದಲ್ಲಿ ಇಂಥವನ್ನು ಒಂದೂ ಬಿಡದೆ ಮುಗಿಸಿದ್ದಾರಂತೆ, ನಮ್ಮಲ್ಲಿ ಯಾಕೆ ಆಗಲ್ಲ?" ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಯಾವ ಪ್ರಾಣಿಯನ್ನು ಆಕ್ರಮಣಕಾರಿ ಅನ್ನುತ್ತಾರೆ? ತೋಟಕ್ಕೆ ನುಗ್ಗುವುದೆಲ್ಲ ಅದೇ ಅಲ್ವಾ?

ಅಲ್ಲ. ಎರಡು ವಿಷಯ ಒಟ್ಟಿಗೆ ಇರಬೇಕು. ಒಂದು, ಆ ಪ್ರಾಣಿ ತಾನಾಗಿ ಬಂದಿರಬಾರದು, ಮನುಷ್ಯರು ತಂದು ಬಿಟ್ಟಿರಬೇಕು ಅಥವಾ ಅವರ ಕೈತಪ್ಪಿ ಹೋಗಿರಬೇಕು. ಎರಡು, ಅಲ್ಲಿ ಮೊದಲಿನಿಂದ ಇದ್ದ ಗಿಡ, ಹಕ್ಕಿ, ಪ್ರಾಣಿಗಳಿಗೆ ಅದರಿಂದ ಏಟು ಬೀಳುತ್ತಿರಬೇಕು. ನಿಮ್ಮ ಗದ್ದೆಗೆ ನಷ್ಟ ಮಾಡಿದ ಮಾತ್ರಕ್ಕೆ ಆ ಹೆಸರು ಬರುವುದಿಲ್ಲ. ಕಾಡುಹಂದಿ, ಆನೆ, ಮಂಗ, ಕಾಟಿ ಎಲ್ಲವೂ ತೊಂದರೆ ಕೊಡುತ್ತವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವು ಕಾಫಿ ಗಿಡಕ್ಕಿಂತ ತುಂಬಾ ಮೊದಲೇ ಕೊಡಗಿನಲ್ಲಿ ಇದ್ದವು. ಲೆಕ್ಕ ಹಾಕಿದರೆ ಹೊರಗಿನಿಂದ ಬಂದಿದ್ದು ಕಾಫಿಯೇ.

ಎಲ್ಲಾದರೂ ನಿಜವಾಗಿ ಪೂರ್ತಿ ತೆಗೆದಿದ್ದಾರಾ, ಇಲ್ಲಾ ಸುಮ್ನೆ ಕಥೆಯಾ?

ನಿಜವಾಗಿ ತೆಗೆದಿದ್ದಾರೆ. ನನಗೆ ಇಷ್ಟವಾದ ಉದಾಹರಣೆ ಇಂಗ್ಲೆಂಡಿನ ಕೊಯ್ಪು. ಇದು ದಕ್ಷಿಣ ಅಮೆರಿಕದ ಪ್ರಾಣಿ. ನೋಡಲು ದೊಡ್ಡ ಹೆಗ್ಗಣದ ಹಾಗೆ, ಐದಾರು ಕಿಲೋ ತೂಕ, ಕಿತ್ತಳೆ ಬಣ್ಣದ ಹಲ್ಲು, ವಾಸ ನೀರಿನ ಅಂಚಿನಲ್ಲಿ. ತುಪ್ಪಳದ ವ್ಯಾಪಾರಕ್ಕೆಂದು 1929ರ ಸುಮಾರಿಗೆ ಅಲ್ಲಿಗೆ ತಂದು ಸಾಕಲು ಶುರು ಮಾಡಿದರು. ಕೆಲವು ತಪ್ಪಿಸಿಕೊಂಡವು. ಪೂರ್ವ ಇಂಗ್ಲೆಂಡಿನ ನಾರ್ಫೋಕ್ ಕಡೆ ಜೌಗು ಜಾಸ್ತಿ, ಅವಕ್ಕೆ ಅಷ್ಟೇ ಬೇಕಿತ್ತು. ಜೊಂಡಿನ ಬೇರು ತಿಂದು ಜೊಂಡುಗಾಡನ್ನೇ ಬೋಳಿಸಿದವು, ಕಾಲುವೆ ಏರಿಗಳಲ್ಲಿ ಬಿಲ ತೋಡಿದವು, ಸಕ್ಕರೆ ತೆಗೆಯುವ ಬೀಟ್ ಹೊಲಗಳನ್ನೂ ಬಿಡಲಿಲ್ಲ.

1960ರ ದಶಕದಲ್ಲಿ ಒಂದು ದೊಡ್ಡ ಕಾರ್ಯಾಚರಣೆ ನಡೆಯಿತು. 1962–63ರ ಭಯಂಕರ ಚಳಿಯೂ ಬೇಕಾದಷ್ಟನ್ನು ಕೊಂದಿತು. ಸಂಖ್ಯೆ ಇಳಿಯಿತು, ಆದರೆ ಮುಗಿಯಲಿಲ್ಲ, ಮತ್ತೆ ಏರಿತು. 1981ರಲ್ಲಿ ಲೆಕ್ಕಾಚಾರ ಹಾಕಿ ಹೊಸದಾಗಿ ಶುರು ಮಾಡಿದರು. 24 ಜನ ಬೋನುಗಾರರು, ಅದೇ ಅವರ ಪೂರ್ಣಾವಧಿ ಕೆಲಸ. ಜೀವಂತ ಹಿಡಿಯುವ ಬೋನು, ಹಲವು ಕಡೆ ನೀರಿನಲ್ಲಿ ತೇಲುವ ತೆಪ್ಪದ ಮೇಲೆ ಇಟ್ಟಿದ್ದು. ಬೇರೆ ಪ್ರಾಣಿ ಸಿಕ್ಕಿದರೆ ಬಿಟ್ಟುಬಿಡುವುದು. 1989ರ ಜನವರಿಯಲ್ಲಿ ಇನ್ನು ಒಂದೂ ಇಲ್ಲ ಎಂದು ಘೋಷಿಸಿದರು.

ಇದರಲ್ಲಿ ಜಾಣತನ ಇರುವುದು ಸಂಬಳದಲ್ಲಿ. ತಲೆಗೆ ಇಷ್ಟು ಅಂತ ದುಡ್ಡು ಕೊಟ್ಟರೆ ಯಾವ ಬೇಟೆಗಾರನೂ ಕೊನೆಯ ಜೋಡಿಯನ್ನು ಹಿಡಿಯುವುದಿಲ್ಲ, ಮುಂದಿನ ವರ್ಷದ ಊಟ ಅದರಲ್ಲೇ ಇರುತ್ತದಲ್ಲ. ಅದಕ್ಕೇ ಅವರಿಗೆ ಮಾಮೂಲಿ ಸಂಬಳ ಕೊಟ್ಟು, ಹತ್ತು ವರ್ಷದೊಳಗೆ ಪೂರ್ತಿ ಮುಗಿಸಿದರೆ ಮೂರು ವರ್ಷದ ಸಂಬಳದಷ್ಟು ಬೋನಸ್, ತಡವಾದಷ್ಟೂ ಬೋನಸ್ ಕಡಿಮೆ ಅಂತ ಮಾಡಿದರು. ಮುಗಿಸಿದರೆ ಲಾಭ, ಉಳಿಸಿದರೆ ನಷ್ಟ. ನಮ್ಮ ಕಡೆ ಬಾಲಕ್ಕೆ ಇಷ್ಟು, ತಲೆಗೆ ಇಷ್ಟು ಅಂತ ಬಹುಮಾನದ ಸಲಹೆ ಕೊಡುವವರು ಇದನ್ನು ಎರಡು ಸಲ ಓದಬೇಕು.

ಅಮೆರಿಕದ ಮೇರಿಲ್ಯಾಂಡಿನಲ್ಲೂ ಇದೇ ಪ್ರಾಣಿ ಚೆಸಪೀಕ್ ಕೊಲ್ಲಿಯ ಜೌಗನ್ನು ತಿಂದು ಬರೀ ನೀರು ಮಾಡಿತ್ತು. ಅಲ್ಲಿ 2002ರಲ್ಲಿ ಕೆಲಸ ಶುರುವಾಗಿ ಸುಮಾರು 14,000 ಕೊಯ್ಪುಗಳನ್ನು ತೆಗೆದರು.

ನಮ್ಮ ಮುಂಗುಸಿಯೇ ಜಪಾನಿನಲ್ಲಿ ಖಳನಾಯಕ ಅಂತೆ, ಹೌದಾ?

ಹೌದು. ನಮ್ಮ ತೋಟಗಳಲ್ಲಿ ಓಡಾಡುವ ಜಾತಿ ಅಲ್ಲ, ಅದಕ್ಕಿಂತ ಚಿಕ್ಕದು, ಆದರೆ ಅದೂ ಭಾರತದ ಕಡೆಯದೇ. ಜಪಾನಿನ ಅಮಾಮಿ ಓಶಿಮಾ ದ್ವೀಪದಲ್ಲಿ ಹಾಬು ಎಂಬ ವಿಷದ ಹಾವಿನ ಕಾಟ. ಮುಂಗುಸಿ ಬಿಟ್ಟರೆ ಹಾವು ಹೋಗುತ್ತದೆ ಎಂದು 1979ರಲ್ಲಿ ಸುಮಾರು 30 ಮುಂಗುಸಿಗಳನ್ನು ತಂದು ಬಿಟ್ಟರು. ಹಾವು ಓಡಾಡುವುದು ರಾತ್ರಿ, ಮುಂಗುಸಿ ಓಡಾಡುವುದು ಹಗಲು! ಎರಡೂ ಸಂಧಿಸಿದ್ದೇ ಅಪರೂಪ. ಮುಂಗುಸಿ ಹಿಡಿದದ್ದು ಆ ಭಾಗದ ಎರಡು ದ್ವೀಪ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಕಪ್ಪು ಅಮಾಮಿ ಮೊಲವನ್ನು, ಅಪರೂಪದ ಇಲಿ, ಕಪ್ಪೆಗಳನ್ನು.

2005ರಲ್ಲಿ ಇದಕ್ಕೆಂದೇ ಒಂದು ತಂಡ ಕಟ್ಟಿ ಕಾಡಿನ ತುಂಬ ಸಾವಿರಾರು ಬೋನು ಇಟ್ಟರು, ವಾಸನೆ ಹಿಡಿಯುವ ನಾಯಿಗಳನ್ನು ತರಬೇತು ಮಾಡಿದರು. ಕೊನೆಯ ಮುಂಗುಸಿ ಸಿಕ್ಕಿದ್ದು 2018ರಲ್ಲಿ. ಪೂರ್ತಿ ಹೋಯಿತು ಎಂದು ಸರ್ಕಾರ ಹೇಳಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಅಮಾಮಿ ಸುಮಾರು 700 ಚದರ ಕಿಲೋಮೀಟರ್, ನಮ್ಮ ಜಿಲ್ಲೆಯ ಆರನೇ ಒಂದು ಭಾಗದಷ್ಟು. ಬಿಟ್ಟಿದ್ದು ಮೂವತ್ತು, ತೆಗೆಯಲು ಇಷ್ಟು ವರ್ಷ. ಇಲಿ ಕಾಟಕ್ಕೆ, ಹಾವಿನ ಕಾಟಕ್ಕೆ ಯಾವುದೋ ಪ್ರಾಣಿ ತಂದು ಬಿಡೋಣ ಅನ್ನುವ ಮಾತು ನಮ್ಮಲ್ಲೂ ಆಗಾಗ ಬರುತ್ತದೆ. ಬಂದಾಗ ಅಮಾಮಿಯ ಹೆಸರು ಹೇಳಿ.

ತುಂಬಾ ಕೊಂದರೆ ಸಾಕಲ್ವಾ? ಕಡಿಮೆ ಮಾಡುವುದಕ್ಕೂ ಪೂರ್ತಿ ತೆಗೆಯುವುದಕ್ಕೂ ಏನು ವ್ಯತ್ಯಾಸ?

ವ್ಯತ್ಯಾಸ ತುಂಬಾ ಇದೆ. ಗೊಂದಲ ಆಗುವುದೂ ಇಲ್ಲೇ. ನೂರರಲ್ಲಿ ತೊಂಬತ್ತೈದು ತೆಗೆದರೆ ಅದು ಗೆಲುವಲ್ಲ, ಐದು ಉಳಿದಿವೆ, ಮತ್ತು ಆ ಐದಕ್ಕೆ ಈಗ ಬೇಕಾದಷ್ಟು ಮೇವು, ಬೇಕಾದಷ್ಟು ಜಾಗ. ಕಾಫಿ ಕೊಯ್ಲಾದ ಮೇಲೆ ಗಿಡದಲ್ಲಿ, ನೆಲದಲ್ಲಿ ಉಳಿದ ಹಣ್ಣನ್ನು ಹೆಕ್ಕದೆ ಬಿಟ್ಟರೆ ಕಾಯಿಕೊರಕ ಹುಳು ಮುಂದಿನ ವರ್ಷ ಏನು ಮಾಡುತ್ತದೆ ಎಂದು ತೋಟದವರಿಗೆ ಹೇಳಿಕೊಡಬೇಕಾಗಿಲ್ಲ. ಇಲ್ಲೂ ಅದೇ.

ಪೂರ್ತಿ ತೆಗೆಯಬೇಕಾದರೆ ಮೂರು ಷರತ್ತು. ಪ್ರತಿಯೊಂದು ಪ್ರಾಣಿಯೂ ನಮ್ಮ ಕೈಗೆ ಸಿಗುವಂತಿರಬೇಕು, ಬೋನಿಗೆ ಬಾರದ, ವಿಷ ತಿನ್ನದ ನಾಲ್ಕು ಉಳಿದರೂ ಕೆಟ್ಟಿತು. ಅವು ಮರಿ ಹಾಕುವ ವೇಗಕ್ಕಿಂತ ನಾವು ತೆಗೆಯುವ ವೇಗ ಜಾಸ್ತಿ ಇರಬೇಕು. ಮತ್ತು ಹೊರಗಿನಿಂದ ಹೊಸದು ಬರಬಾರದು. ಈ ಮೂರನೆಯದೇ ಎಲ್ಲಕ್ಕಿಂತ ಕಷ್ಟ. ಅದಕ್ಕೇ ಗೆದ್ದ ಉದಾಹರಣೆಗಳೆಲ್ಲ ಹೆಚ್ಚಾಗಿ ದ್ವೀಪಗಳದ್ದು. ಜಗತ್ತಿನ 998 ದ್ವೀಪಗಳಲ್ಲಿ ನಡೆದ 1,550 ಪ್ರಯತ್ನಗಳಲ್ಲಿ ಶೇಕಡಾ 88 ಗೆದ್ದಿವೆ ಎಂಬ ಲೆಕ್ಕ ಇದೆ. ದೊಡ್ಡ ಸಂಖ್ಯೆ, ಒಪ್ಪುತ್ತೇನೆ. ಆದರೆ ಸುತ್ತ ಸಮುದ್ರ ಇದ್ದದ್ದನ್ನು ಮರೆತು ಆ ಸಂಖ್ಯೆಯನ್ನು ಮಡಿಕೇರಿಗೆ ತಂದರೆ ಪ್ರಯೋಜನ ಇಲ್ಲ.

ಕೊನೆಯದು ಹೋಯಿತು ಅಂತ ಹೇಗೆ ಗೊತ್ತಾಗುತ್ತದೆ?

ಒಳ್ಳೆಯ ಪ್ರಶ್ನೆ, ಕೇಳುವವರು ಕಡಿಮೆ. ಕಾಣದೇ ಇರುವುದು ಬೇರೆ, ಇಲ್ಲದೇ ಇರುವುದು ಬೇರೆ. ಮೇರಿಲ್ಯಾಂಡಿನಲ್ಲಿ ಕೊನೆಯ ಕೊಯ್ಪು ಸಿಕ್ಕಿದ್ದು 2015ರಲ್ಲಿ, ಘೋಷಣೆ 2022ರಲ್ಲಿ. ನಡುವಿನ ಅಷ್ಟೂ ವರ್ಷ ಅವರು ಹುಡುಕುತ್ತಲೇ ಇದ್ದರು, ಹಿಕ್ಕೆಯ ವಾಸನೆ ಹಿಡಿಯುವ ನಾಯಿಗಳು, ಕ್ಯಾಮೆರಾ, ದೋಣಿಯಲ್ಲಿ ಮತ್ತೆ ಮತ್ತೆ ಅದೇ ಜೌಗಿನ ಸುತ್ತಾಟ.

ಗುಂಪಿನಲ್ಲಿ ಬದುಕುವ ಪ್ರಾಣಿಗೆ ಇನ್ನೊಂದು ಉಪಾಯ ಇದೆ. ಗಲಪಾಗೋಸ್ ದ್ವೀಪಗಳಲ್ಲಿ ಮೇಕೆಗಳು ದೈತ್ಯ ಆಮೆಗಳ ಮೇವನ್ನೆಲ್ಲ ಬೋಳಿಸಿದ್ದವು. 1997ರಿಂದ 2006ರವರೆಗೆ ನಡೆದ ಯೋಜನೆಯಲ್ಲಿ 1,40,000ಕ್ಕೂ ಹೆಚ್ಚು ಮೇಕೆಗಳನ್ನು ತೆಗೆದರು, ಹೆಚ್ಚಿನವನ್ನು ಹೆಲಿಕಾಪ್ಟರ್‌ನಿಂದ ಗುಂಡು ಹೊಡೆದು. ಕೊನೆಗೆ ಉಳಿದವು ಗುಹೆ, ಪೊದೆ ಸೇರಿಕೊಂಡವು. ಆಗ ಕೆಲವು ಮೇಕೆಗಳಿಗೆ ರೇಡಿಯೋ ಪಟ್ಟಿ ಕಟ್ಟಿ ಬಿಟ್ಟರು. ಮೇಕೆ ಒಂಟಿಯಾಗಿ ಇರಲಾರದು, ಹುಡುಕಿಕೊಂಡು ಹೋಗಿ ಅಡಗಿದ್ದ ಮೇಕೆಗಳ ಜೊತೆ ಸೇರುತ್ತದೆ. ಬೇಟೆಗಾರರು ಹಿಂದೆಯೇ ಹೋಗಿ ಉಳಿದವನ್ನು ಹೊಡೆದು ಪಟ್ಟಿ ಇದ್ದದ್ದನ್ನು ಮಾತ್ರ ಬಿಡುತ್ತಿದ್ದರು, ಅದು ಮತ್ತೆ ಜೊತೆ ಹುಡುಕಲು ಹೊರಡುತ್ತಿತ್ತು. ಕ್ರೂರ ಅನಿಸಿದರೆ ತಪ್ಪಿಲ್ಲ, ನನಗೂ ಅನಿಸುತ್ತದೆ.

ಸೋತದ್ದೂ ಇದೆ. ಪೆಸಿಫಿಕ್‌ನ ಹೆಂಡರ್ಸನ್ ದ್ವೀಪದಲ್ಲಿ 2011ರಲ್ಲಿ ವಿಷ ಹಾಕಿದಾಗ ನೂರರೊಳಗಿನ ಇಲಿಗಳಷ್ಟೇ ಉಳಿದವು. ಅಷ್ಟರಿಂದಲೇ ದ್ವೀಪ ಮತ್ತೆ ಇಲಿಗಳಿಂದ ತುಂಬಿತು.

ಸರಿ, ಕಾಡುಹಂದಿ ವಿಷಯಕ್ಕೆ ಬನ್ನಿ. ಅದನ್ನು ಪೂರ್ತಿ ತೆಗೆದರೆ ಏನು ತಪ್ಪು?

ಇದಕ್ಕೇ ಎಲ್ಲರೂ ಕಾಯುತ್ತಿರುತ್ತಾರೆ, ಗೊತ್ತು. ಮೊದಲನೆಯದು, ಅದು ಇಲ್ಲಿಯದೇ ಪ್ರಾಣಿ. ನಾಗರಹೊಳೆಯಲ್ಲಿ ಹುಲಿ, ಚಿರತೆ, ಸೀಳುನಾಯಿ ಮೂರಕ್ಕೂ ಅದು ಆಹಾರ. ಹಂದಿ ಇಲ್ಲದ ಕಾಡಿನ ಪಕ್ಕದಲ್ಲಿ ದನ ಕಟ್ಟಿಕೊಂಡು ಇರಲು ನನಗಂತೂ ಇಷ್ಟವಿಲ್ಲ. ಎರಡನೆಯದು, ಆ ಮೂರು ಷರತ್ತುಗಳನ್ನು ಹಂದಿಗೆ ಹಾಕಿ ನೋಡಿ. ತೋಟ, ದೇವರಕಾಡು, ಮೀಸಲು ಅರಣ್ಯ, ಅಭಯಾರಣ್ಯ ಎಲ್ಲ ಒಂದಕ್ಕೊಂದು ಅಂಟಿಕೊಂಡಿವೆ. ಆ ಕಡೆ ವಯನಾಡು, ಈ ಕಡೆ ಹುಣಸೂರು. ನಿಮ್ಮ ತೋಟದ ಹಂದಿ ಇವತ್ತು ಮುಗಿದರೆ ನಾಳೆ ಪಕ್ಕದ್ದು ಬರುತ್ತದೆ.

ಅಂದರೆ ಸಹಿಸಿಕೊಂಡು ಕೂರಿ ಅನ್ನುತ್ತಿಲ್ಲ. ಗದ್ದೆಯನ್ನು ರಾತ್ರೋರಾತ್ರಿ ಉತ್ತು ಹಾಕಿದ ಹಾಗೆ ಮಾಡಿ ಹೋದಾಗ ಪರಿಸರದ ಪಾಠ ಯಾರಿಗೂ ಬೇಡ. ಆದರೆ ಅದಕ್ಕೆ ಕೇಳಬೇಕಾದದ್ದು ಬೇಲಿ, ಬೇಗ ಸಿಗುವ ಪರಿಹಾರ, ತೀರಾ ಕಾಟ ಕೊಡುವ ಕಡೆ ಕಾನೂನಿನ ಒಳಗೆ ಸಂಖ್ಯೆ ಇಳಿಸುವುದು. ಕೇರಳದಲ್ಲಿ 2022ರಿಂದ ಪಂಚಾಯಿತಿ ಅಧ್ಯಕ್ಷರಿಗೇ ಬೆಳೆ ಹಾಳು ಮಾಡುವ ಹಂದಿಯನ್ನು ಹೊಡೆಸಲು ಅಧಿಕಾರ ಕೊಟ್ಟಿದ್ದಾರೆ, ವಿಷ, ಸಿಡಿಮದ್ದು, ಕರೆಂಟ್ ಬಳಸುವ ಹಾಗಿಲ್ಲ ಎಂಬ ಷರತ್ತಿನ ಮೇಲೆ. ಅದು ಸರಿಯೋ ತಪ್ಪೋ ಚರ್ಚೆ ಮಾಡೋಣ. ಆದರೆ ಅದು ನಿಯಂತ್ರಣ, ನಿರ್ಮೂಲನೆ ಅಲ್ಲ.

ಇನ್ನು ಉರುಳು. ಹಂದಿಗೆ ಅಂತ ಬೈಕಿನ ಕ್ಲಚ್ ವೈರ್ ಕಟ್ಟುತ್ತಾರೆ, ಬೀಳುವುದು ಚಿರತೆ, ಕೆಲವೊಮ್ಮೆ ಹುಲಿ. ಇದನ್ನು ಮಾತ್ರ ಯಾವ ಕಾರಣಕ್ಕೂ ಒಪ್ಪಲಾಗದು.

ನಮ್ಮ ಮನೆಯಲ್ಲೇ ಕೋವಿ ಇದೆಯಲ್ಲ ಅಣ್ಣಾ, ಲೈಸೆನ್ಸೂ ಬೇಡ?

ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೆ ಇರುವ ವಿನಾಯಿತಿ ಆಯುಧ ಕಾಯ್ದೆಯ ಲೈಸೆನ್ಸಿನಿಂದ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ಕೋವಿ ಇಟ್ಟುಕೊಳ್ಳಲು ವಿನಾಯಿತಿ, ಪ್ರಾಣಿ ಹೊಡೆಯಲು ಅಲ್ಲ. 1972ರ ವನ್ಯಜೀವಿ ಕಾಯ್ದೆ ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಹೂ ಮುಡಿಸಿದ ಕೋವಿಗೂ ಒಂದೇ, ಬೇರೆಯವರ ಕೋವಿಗೂ ಒಂದೇ. ಕಾಡುಹಂದಿ ಈಗ ಆ ಕಾಯ್ದೆಯ ಎರಡನೇ ಶೆಡ್ಯೂಲ್‌ನಲ್ಲಿದೆ, ಅಂದರೆ ರಕ್ಷಣೆ ಇರುವ ಪ್ರಾಣಿಗಳ ಎರಡನೇ ಪಟ್ಟಿಯಲ್ಲಿ. ಬೆಳೆ ಹಾಳು ಮಾಡುತ್ತಿದ್ದರೆ ಮುಖ್ಯ ವನ್ಯಜೀವಿ ಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ಬರೆದು ಲಿಖಿತ ಅನುಮತಿ ಕೊಡಬಹುದು. ಕಾಗದ ಕೈಗೆ ಬರುವ ಮೊದಲು ಹೊಡೆದರೆ ಕೇಸು.

ದ್ವೀಪಗಳಲ್ಲಿ ವಿಷ ಹಾಕುತ್ತಾರಲ್ಲ, ನಾವೂ ಹಾಕಿದರೆ?

ಬೇಡ. ಅಂಟಾರ್ಕ್ಟಿಕ್ ಕಡೆಯ ಸೌತ್ ಜಾರ್ಜಿಯಾ ದ್ವೀಪದಲ್ಲಿ 2011ರಿಂದ 2015ರ ನಡುವೆ ಹೆಲಿಕಾಪ್ಟರ್‌ನಿಂದ ಸುಮಾರು 300 ಟನ್ ಇಲಿ ಪಾಷಾಣ ಉದುರಿಸಿದ್ದು ನಿಜ, 2018ರಲ್ಲಿ ಇಲಿ ಮುಕ್ತ ಎಂದು ಘೋಷಿಸಿದ್ದೂ ನಿಜ. ಅಲ್ಲಿ ನೆಲದ ಮೇಲೆ ಅಲ್ಲಿಯದೇ ಆದ ಸಸ್ತನಿ ಒಂದೂ ಇರಲಿಲ್ಲ, ಊರಿನವರು ಅಂತ ಕಾಯಂ ಜನರೂ ಇಲ್ಲ. ಆಸ್ಟ್ರೇಲಿಯಾದ ಲಾರ್ಡ್ ಹೌ ದ್ವೀಪದಲ್ಲಿ ಜನ ಇದ್ದರು, ಅಲ್ಲಿ 2019ರಲ್ಲಿ ವಿಷ ಹಾಕುವ ಮೊದಲು ಹಾರಲಾರದ ವುಡ್‌ಹೆನ್ ಹಕ್ಕಿಗಳಲ್ಲಿ ಹೆಚ್ಚಿನವನ್ನು ಹಿಡಿದು ಗೂಡಿನಲ್ಲಿಟ್ಟು ಕಾಪಾಡಿದರು. ನಮ್ಮ ಒಂದು ತೋಟದಲ್ಲಿ ಪುನುಗು ಬೆಕ್ಕು, ಮುಂಗುಸಿ, ಗೂಬೆ, ಕೇರೆ ಹಾವು, ನವಿಲು ಎಲ್ಲ ಇವೆ. ಯಾವುದನ್ನು ಹಿಡಿದು ಗೂಡಿನಲ್ಲಿ ಇಡುತ್ತೀರಿ? ವಿಷ ತಿಂದ ಇಲಿಯನ್ನು ಗೂಬೆ ತಿಂದರೆ ಗೂಬೆಯೂ ಸಾಯಬಹುದು, ಆಮೇಲೆ ಇಲಿ ಹಿಡಿಯುವವರು ಯಾರು? ಕಾಡುಪ್ರಾಣಿಗೆ ವಿಷ ಇಡುವುದು ಕಾನೂನಿನ ಕಣ್ಣಲ್ಲಿ ಬೇಟೆಯೇ.

ಆನೆ?

ಆನೆಗೂ ಹಂದಿಯ ಉತ್ತರವೇ, ಅದಕ್ಕಿಂತ ಹತ್ತು ಪಟ್ಟು ಗಟ್ಟಿಯಾಗಿ. ಆದರೆ ಒಂದು ವಿಚಿತ್ರ ಹೇಳಲೇಬೇಕು. ಅಂಡಮಾನಿನ ಇಂಟರ್‌ವ್ಯೂ ದ್ವೀಪದಲ್ಲಿ ಮರದ ಕಂಪನಿಯೊಂದು 1960ರ ದಶಕದಲ್ಲಿ ಕೆಲಸ ನಿಲ್ಲಿಸಿದಾಗ ನಾಟಾ ಎಳೆಯುತ್ತಿದ್ದ ಆನೆಗಳನ್ನು ಅಲ್ಲೇ ಬಿಟ್ಟು ಹೋಯಿತು. ಅವು ಕಾಡಾನೆಗಳಾದವು, ಅಂಥ ಪ್ರಾಣಿಯನ್ನೇ ಕಾಣದ ಆ ಕಾಡಿನ ಮರಗಿಡಗಳನ್ನು ಹಾಳು ಮಾಡಿದವು. ಅಂಡಮಾನಿಗೆ ಬ್ರಿಟಿಷರ ಕಾಲದಲ್ಲಿ ಬಿಟ್ಟ ಜಿಂಕೆ, ಅದೇ ನಮ್ಮ ನಾಗರಹೊಳೆ ರಸ್ತೆ ಬದಿಯ ಚುಕ್ಕೆ ಜಿಂಕೆ, ಹಿಡಿದು ತಿನ್ನುವ ಪ್ರಾಣಿ ಇಲ್ಲದೆ ಹೆಚ್ಚಾಗಿ ಕಾಡಿನ ಸಸಿಗಳನ್ನು ಮೇಲೇಳಲು ಬಿಡುತ್ತಿಲ್ಲ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ ಆಕ್ರಮಣಕಾರಿ ಜೀವಿ ಎಂದರೆ ಭಾರತದ ಮೂಲದ್ದಲ್ಲದ ಜೀವಿ ಎಂದು ಹೇಳಿದೆ. ಆ ಲೆಕ್ಕದಲ್ಲಿ ಅಂಡಮಾನಿನ ಜಿಂಕೆ ಆಕ್ರಮಣಕಾರಿಯೇ ಅಲ್ಲ! ಕಾಡಿಗೆ ದೇಶದ ಗಡಿ ಗೊತ್ತಿಲ್ಲ, ಕಾನೂನಿಗೆ ಕಾಡಿನ ಗಡಿ ಗೊತ್ತಿಲ್ಲ.

ನಾಯಿ, ಬೆಕ್ಕು ಹೊರಗಿನವೇ ಅಲ್ವಾ?

ಕಾಡಿನ ಲೆಕ್ಕದಲ್ಲಿ ಹೌದು, ಮನುಷ್ಯರ ಜೊತೆ ಬಂದವು. ನನ್ನನ್ನು ಕೇಳಿದರೆ ಕೊಡಗಿನಲ್ಲಿ ಈ ಪುಟಕ್ಕೆ ನಿಜವಾಗಿ ಸೇರಬೇಕಾದ ಪ್ರಾಣಿಗಳು ಇವೇ, ಆದರೆ ಯಾರೂ ಈ ಪ್ರಶ್ನೆ ಕೇಳಲು ಇಷ್ಟಪಡುವುದಿಲ್ಲ. ಗುಂಪು ನಾಯಿಗಳು ಜಿಂಕೆ ಅಟ್ಟುತ್ತವೆ, ರೇಬಿಸ್ ಮತ್ತು ಡಿಸ್ಟೆಂಪರ್ ಕಾಯಿಲೆಯನ್ನು ಕಾಡಂಚಿಗೆ ಒಯ್ಯುತ್ತವೆ. ಬೆಕ್ಕು ಹೊಟ್ಟೆ ತುಂಬಿದ್ದರೂ ಹಕ್ಕಿ ಹಿಡಿಯುತ್ತದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿ ನಾಯಿಯನ್ನು ಹಿಡಿದು ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು. ಹಾಗಾಗಿ ಮೂಲದಲ್ಲೇ ಕೆಲಸ ಆಗಬೇಕು. ಸಾಕಿದ ನಾಯಿಯನ್ನು ರಾತ್ರಿ ಕಟ್ಟಿಹಾಕಿ. ಮರಿ ಜಾಸ್ತಿ ಆಯಿತು ಅಂತ ಚೀಲದಲ್ಲಿ ತುಂಬಿ ಕಾಡಿನ ತಿರುವಿನಲ್ಲಿ ಬಿಟ್ಟು ಬರಬೇಡಿ. ಹೋಂಸ್ಟೇಯವರು ಕೋಳಿ ತ್ಯಾಜ್ಯವನ್ನು ರಸ್ತೆ ಬದಿಯ ಚರಂಡಿಗೆ ಎಸೆಯುವುದನ್ನು ನಿಲ್ಲಿಸಿದರೆ ಅರ್ಧ ನಾಯಿ ಸಮಸ್ಯೆ ತಾನಾಗಿ ಇಳಿಯುತ್ತದೆ ಎಂಬುದು ನನ್ನ ಅಂದಾಜು.

ಕೊಲ್ಲುವುದು ಪಾಪ ಅಲ್ವಾ? ಆಪರೇಷನ್ ಮಾಡಿ ಬಿಟ್ಟರೆ ಸಾಲದಾ?

ಪ್ರಾಣಿಯ ತಪ್ಪು ಏನೂ ಇಲ್ಲ, ತಂದವರು ನಾವು. ಇದನ್ನು ಒಪ್ಪಿಕೊಂಡೇ ಮಾತಾಡಬೇಕು. ಆದರೆ ಕೈಕಟ್ಟಿ ಕೂತರೂ ಸಾವು ನಡೆಯುತ್ತಲೇ ಇರುತ್ತದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ ಅಷ್ಟೇ. ಇಟಲಿಯಲ್ಲಿ ಅಮೆರಿಕದ ಬೂದು ಅಳಿಲನ್ನು ತೆಗೆಯುವ ಪ್ರಯೋಗವನ್ನು 1997ರಲ್ಲಿ ಪ್ರಾಣಿದಯೆಯವರು ಕೋರ್ಟಿಗೆ ಹೋಗಿ ನಿಲ್ಲಿಸಿದರು. ಕೇಸು ಮುಗಿಯುವಷ್ಟರಲ್ಲಿ ಅಳಿಲು ಕೈಮೀರಿ ಹರಡಿತ್ತು, ಅಲ್ಲಿಯ ಕೆಂಪು ಅಳಿಲು ಜಾಗ ಕಳೆದುಕೊಳ್ಳುತ್ತಾ ಬಂತು. ಸಣ್ಣ ಸಂಖ್ಯೆ ಇದ್ದಾಗ ಮುಗಿಸಿದ್ದರೆ ಒಟ್ಟು ಸಾವು ಕಡಿಮೆ ಆಗುತ್ತಿತ್ತು.

ಆಪರೇಷನ್ ಹಿಡಿಯಲು ಸಿಗುವ ಪ್ರಾಣಿಗೆ ಸರಿ. ಹಿಮಾಚಲದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮಂಗಗಳಿಗೆ ಮಾಡಿದ್ದಾರೆ, ಮಂಗನ ಕಾಟ ಮುಗಿದಿಲ್ಲ. ಆಪರೇಷನ್ ಆದ ಪ್ರಾಣಿ ಬದುಕಿರುವಷ್ಟು ದಿನ ತಿನ್ನುತ್ತಲೇ ಇರುತ್ತದೆ.

ಖರ್ಚು ಎಷ್ಟು?

ಸೌತ್ ಜಾರ್ಜಿಯಾದ ಇಲಿಗೆ ಸುಮಾರು ಒಂದು ಕೋಟಿ ಪೌಂಡ್. ಗಲಪಾಗೋಸ್ ಮೇಕೆಗೆ ಒಂದು ಕೋಟಿ ಡಾಲರ್ ಮೀರಿತು.

ಒಂದನ್ನು ತೆಗೆದರೆ ಇನ್ನೊಂದು ಹೆಚ್ಚಾಗಲ್ವಾ?

ಆಗುತ್ತದೆ. ಆಸ್ಟ್ರೇಲಿಯಾಕ್ಕೆ ಸೇರಿದ ಮಕ್ವಾರಿ ದ್ವೀಪದಲ್ಲಿ ಬೆಕ್ಕು, ಮೊಲ, ಇಲಿ ಎಲ್ಲವೂ ಹೊರಗಿನವು. ಕಡಲ ಹಕ್ಕಿಗಳನ್ನು ತಿನ್ನುತ್ತವೆ ಎಂದು ಬೆಕ್ಕುಗಳನ್ನು 2000ದ ಹೊತ್ತಿಗೆ ಪೂರ್ತಿ ತೆಗೆದರು. ಆಮೇಲೆ ಮೊಲ ವಿಪರೀತ ಹೆಚ್ಚಿತು. ಬೆಕ್ಕು ಹೋದದ್ದೇ ಕಾರಣವೋ, ಮೊಲಕ್ಕೆ ಬಿಟ್ಟಿದ್ದ ರೋಗದ ಜೋರು ತಗ್ಗಿದ್ದೂ ಕಾರಣವೋ ಎಂದು ವಿಜ್ಞಾನಿಗಳು ವಾದ ಮಾಡಿದ್ದಾರೆ. ಏನೇ ಇರಲಿ, ಮೊಲ ಹುಲ್ಲು ಬೋಳಿಸಿದ ಗುಡ್ಡ ಜರಿದು ಪೆಂಗ್ವಿನ್‌ಗಳ ಮೇಲೆ ಬಿತ್ತು. 2018ರ ಮಳೆ ನೋಡಿದ ನಮಗೆ ಗುಡ್ಡ ಜರಿಯುವುದನ್ನು ವಿವರಿಸಬೇಕಾಗಿಲ್ಲ. ಕೊನೆಗೆ ಮೊಲ, ಇಲಿ, ಸುಂಡಿಲಿ ಮೂರನ್ನೂ ಒಟ್ಟಿಗೇ ತೆಗೆಯಲು ಹೊರಟು 2014ರಲ್ಲಿ ಗೆದ್ದರು. ಆಸ್ಟ್ರೇಲಿಯಾ ಡಾಲರ್ ಲೆಕ್ಕದಲ್ಲಿ ಸುಮಾರು ಎರಡೂವರೆ ಕೋಟಿ ಖರ್ಚಾಯಿತು.

ಹಾಗಾದರೆ ಕೊಡಗಿಗೆ ಇದರಿಂದ ಏನು ಉಪಯೋಗ?

ಇವತ್ತು ನಮ್ಮ ಕಾಡನ್ನು ನುಂಗುತ್ತಿರುವ ಹೊರಗಿನವು ಮುಖ್ಯವಾಗಿ ಗಿಡಗಳು, ಲಂಟಾನ, ಸೆನ್ನಾ. ಶನಿವಾರಸಂತೆ ಕಡೆ ಆಫ್ರಿಕನ್ ಬಸವನಹುಳ ಇದೆ. ಕೊಯ್ಪುವಿನಂಥ ಪ್ರಾಣಿ ಇನ್ನೂ ಬಂದಿಲ್ಲ. ಬರದ ಹಾಗೆ ನೋಡಿಕೊಳ್ಳುವುದೇ ಅಗ್ಗದ ದಾರಿ. ಕೊಲಂಬಿಯಾದ ಮಾದಕವಸ್ತು ದೊರೆ ಪಾಬ್ಲೊ ಎಸ್ಕೋಬಾರ್ 1980ರ ದಶಕದಲ್ಲಿ ಸಾಕಿದ್ದ ನಾಲ್ಕು ನೀರಾನೆಗಳು ಈಗ ನೂರೈವತ್ತು ದಾಟಿವೆ, ಹಿಡಿಯಲೂ ಆಗದೆ ಬಿಡಲೂ ಆಗದೆ ಆ ದೇಶ ಒದ್ದಾಡುತ್ತಿದೆ. ಶೋಕಿಗೆ ಶುಗರ್ ಗ್ಲೈಡರ್, ಫೆರೆಟ್ ತರಿಸಿಕೊಳ್ಳುವ ಚಟ ನಮ್ಮ ಪೇಟೆಗಳಿಗೂ ಬಂದಿದೆ. ಸಾಕಲು ಆಗದಿದ್ದರೆ ಪಶುವೈದ್ಯರನ್ನು ಕೇಳಿ, ಬೇರೆ ಮನೆ ಹುಡುಕಿ, ತೋಟಕ್ಕೆ ಬಿಡಬೇಡಿ. ನಮ್ಮಲ್ಲಿ ಚಳಿಗೆ ಸಾಯುವುದಿಲ್ಲ, ಹಣ್ಣಿಗೆ ಬರವಿಲ್ಲ.

ಯಾವುದೋ ವಿಚಿತ್ರ ಪ್ರಾಣಿ ಕಂಡರೆ ಏನು ಮಾಡಬೇಕು?

ಕೋವಿ ತೆಗೆಯಬೇಡಿ, ಫೋನ್ ತೆಗೆಯಿರಿ. ಫೋಟೋ, ಜಾಗ, ಹೊತ್ತು ಇಷ್ಟು ಸಾಕು. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ ಹತ್ತಿರದ ವಲಯ ಕಚೇರಿಗೆ ತಿಳಿಸಿ. ಹೆಚ್ಚಿನ ಸಲ ಅದು ನಮ್ಮದೇ ಪ್ರಾಣಿ ಆಗಿರುತ್ತದೆ: ಕಾವೇರಿಯ ನೀರುನಾಯಿ, ಹಾರುವ ಅಳಿಲು, ಕಾಡುಪಾಪ, ಚಿಪ್ಪುಹಂದಿ. ಇವನ್ನು ವಾಟ್ಸಾಪ್‌ನಲ್ಲಿ "ವಿದೇಶಿ ಪ್ರಾಣಿ ಪತ್ತೆ" ಅಂತ ಹಂಚುವ ಮೊದಲು ಗೊತ್ತಿದ್ದವರನ್ನು ಒಂದು ಮಾತು ಕೇಳಿ. ಎಲ್ಲಿ ಸಿಕ್ಕಿತು ಎಂಬ ಜಾಗವನ್ನು ಗುಂಪಿಗೆ ಹಾಕಬೇಡಿ, ಚಿಪ್ಪುಹಂದಿಯ ಬೆಲೆ ಗೊತ್ತಿರುವವರೂ ಆ ಗುಂಪಿನಲ್ಲಿ ಇರಬಹುದು.